ಸಾರ್ಥವಾಹನಿಂದ ಸರಕುಹಡಗಿನವರೆಗೆ

ಸಂಸ್ಕೃತದಲ್ಲಿ ‘ಸಾರ್ಥ’ವೆಂದರೆ ಸರಕು ಹೇರಿಕೊಂಡು ಒಟ್ಟಾಗಿ ಸಾಗುವ ವರ್ತಕರ ತಂಡ, ಅದರ ನಾಯಕನೇ ಸಾರ್ಥವಾಹ. ಬೇಲೂರಿನಲ್ಲಿ ೧೧೧೭ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಹಳೇಬೀಡು ಅಂದು ದೋರಸಮುದ್ರವೆನಿಸಿತ್ತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ಆ ಕಾಲದಲ್ಲಿ ನಾನಾ ದೇಶಗಳಲ್ಲಿ ವ್ಯವಹರಿಸುತ್ತಿದ್ದುದನ್ನು ಶಾಸನಗಳು ಸಾರುತ್ತವೆ. ಆದುದರಿಂದ ವಿದೇಶ ವ್ಯಾಪಾರವು ನಮ್ಮ ನಾಡಿಗೆ ನೂತನವಲ್ಲ. ಬದಲಾಗಿರುವುದು ಸರಕು, ಮಾರ್ಗ ಮತ್ತು ಕರಾರಿನ ಭಾಷೆ.

ಇಂದಿನ ಸರಕು ಕಾಫಿ. ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿಯು ಬಹುಕಾಲದಿಂದ ಮುಂಚೂಣಿಯಲ್ಲಿದೆ. ಅಲ್ಲಿಯ ‘ಎಸ್ಪ್ರೆಸೊ’ ಪಾನೀಯದ ದಟ್ಟವಾದ ನೊರೆಗೆ ನಮ್ಮ ರೊಬಸ್ಟಾ ಬೀಜವು ಒದಗುತ್ತದೆ. ಬೇಲೂರು, ಸಕಲೇಶಪುರಗಳ ತೋಟಗಳಲ್ಲಿ ಕೊಯ್ದ ಹಣ್ಣು ಕಣದಲ್ಲಿ ಒಣಗಿ, ಕ್ಯೂರಿಂಗ್ ಕಾರ್ಖಾನೆಯಲ್ಲಿ ಸಿಪ್ಪೆ ಕಳೆದು, ಗಾತ್ರಕ್ಕನುಗುಣವಾಗಿ ವಿಂಗಡಗೊಂಡು, ಶಿರಾಡಿ ಘಾಟಿಯನ್ನಿಳಿದು ನವಮಂಗಳೂರು ಬಂದರನ್ನು ಸೇರುತ್ತದೆ. ಅಲ್ಲಿಂದ ಕೆಂಪು ಸಮುದ್ರ ಮತ್ತು ೧೮೬೯ರಲ್ಲಿ ತೆರೆದ ಸುಯೆಜ್ ಕಾಲುವೆಗಳ ಮೂಲಕ ಟ್ರಿಯೆಸ್ಟ್, ಜಿನೋವಾ ಮೊದಲಾದ ಬಂದರುಗಳಿಗೆ ದಾರಿ. ೨೦೨೩ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ, ಅನೇಕ ಹಡಗುಗಳು ಆಫ್ರಿಕಾ ಖಂಡವನ್ನೇ ಬಳಸಿ ಸಾಗಿದವು. ಕಾಲವೂ ಬಾಡಿಗೆಯೂ ಹೆಚ್ಚಿದವು.

ಆ ಹೆಚ್ಚಳವನ್ನು ತೆರುವವರು ಯಾರು? ಇದು ಕರಾರನ್ನು ಅವಲಂಬಿಸಿದೆ. ‘ಎಫ್.ಓ.ಬಿ.’ ಎಂಬ ಕರಾರಿನಲ್ಲಿ ಸರಕು ಹಡಗನ್ನೇರಿದೊಡನೆ ಮಾರುವವನ ಹೊಣೆ ಮುಗಿಯುತ್ತದೆ. ‘ಸಿ.ಐ.ಎಫ್.’ನಲ್ಲಿಯಾದರೋ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಅವನೇ ಭರಿಸಬೇಕು. ಮೂರಕ್ಷರಗಳ ಅರ್ಥವನ್ನರಿಯದವನು ಲಾಭವನ್ನು ಸಮುದ್ರಕ್ಕೆ ಚೆಲ್ಲಿದಂತೆಯೇ ಸರಿ. ಹಿಂದೆ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟಳೆಯಿತ್ತು. ೧೯೯೬ರಲ್ಲಿ ಅದು ಸಂಪೂರ್ಣವಾಗಿ ತೆರವಾಯಿತು. ಸ್ವಾತಂತ್ರ್ಯದೊಡನೆ ಹೊಣೆಯೂ ಬೆಳೆಗಾರನ ಹೆಗಲೇರಿತು.

ಈಗ ಮತ್ತೊಂದು ಪರೀಕ್ಷೆ ಎದುರಾಗಿದೆ. ಐರೋಪ್ಯ ಒಕ್ಕೂಟವು ೨೦೨೩ರಲ್ಲಿ ಒಂದು ಕಾನೂನು ಮಾಡಿದೆ. ೨೦೨೦ರ ಡಿಸೆಂಬರ್ ೩೧ರ ತರುವಾಯ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ತೋಟದ ಅಕ್ಷಾಂಶ ರೇಖಾಂಶಗಳನ್ನು ತಿಳಿಸಬೇಕು. ಬೆಳೆಯು ತನ್ನ ದೇಶದ ಕಾನೂನಿಗೆ ಸಮ್ಮತವಾಗಿರಬೇಕು. ಅರಸೀಕೆರೆಯ ತೆಂಗು ಈ ಪಟ್ಟಿಯಲ್ಲಿಲ್ಲ; ಬೇಲೂರಿನ ಕಾಫಿ ಇದೆ. ಜಾರಿಯ ದಿನಾಂಕವು ಒಂದಕ್ಕಿಂತ ಹೆಚ್ಚು ಬಾರಿ ಮುಂದೆ ಹೋಗಿದ್ದರೂ ನಿಶ್ಚಿಂತೆ ಸಲ್ಲದು. ನೆರಳುಮರಗಳ ಕೆಳಗೆ ತಲೆಮಾರುಗಳಿಂದ ಕಾಫಿ ಬೆಳೆದವನಿಗೆ ಕಾಡು ಕಡಿದ ದೋಷವಿಲ್ಲ. ಆದರೆ ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದು, ನಕ್ಷೆಯೇ ಇಲ್ಲದಿದ್ದರೆ, ನಿರ್ದೋಷಿಯೂ ಪುರಾವೆಯಿಲ್ಲದೆ ನಿಲ್ಲಬೇಕಾದೀತು. ದೊಡ್ಡ ಎಸ್ಟೇಟಿಗೆ ಗುಮಾಸ್ತರುಂಟು. ಎರಡೆಕರೆಯ ರೈತನಿಗೆ ಶಾಲೆ ಕಲಿತ ಮಗನೋ ಮಗಳೋ ದಿಕ್ಕು.

ಆದಕಾರಣ ಮಾನ್ಯ ಉಪಾಧ್ಯಾಯರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ಪಹಣಿ ಓದುವುದು, ಭೂಪಟದಲ್ಲಿ ತಮ್ಮ ಹೊಲ ಗುರುತಿಸುವುದು, ಕರಾರುಪತ್ರದ ಒಕ್ಕಣೆಯನ್ನು ಅರ್ಥೈಸುವುದು, ಇವು ಮೂರನ್ನು ಕಲಿಸೋಣ. ವ್ಯಾಪಾರದಲ್ಲಿ ಪಳಗಿದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆರಡು ದಿನ ಬಂದು ಪಾಠ ಹೇಳಲಿ. ದಾನಿಗಳು ಕಟ್ಟಡದ ಜೊತೆಗೆ ಈ ವಿದ್ಯೆಗೂ ನೆರವಾಗಲಿ. ಅಕ್ಷರವು ತೋಟದ ಬೇಲಿಯನ್ನು ಕಾಯುವಂತಾದರೆ ವಿದ್ಯಾದಾನವು ಸಾರ್ಥಕವಾಗುವುದು.