ಹೆರಿಗೆಯಲ್ಲಿಯೂ ಹಾವಿನ ವಿಷದಲ್ಲಿಯೂ ಒಂದೇ ಕುಲದ ಕಿಣ್ವ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಬತ್ತದ ಕೊಯ್ಲು ಬಂದಿತೆಂದರೆ ಗಂಡಹೆಂಡಿರಿಬ್ಬರೂ ಬೆಳಗಿನಿಂದ ಗದ್ದೆಯಲ್ಲಿರುತ್ತಾರೆ. ಇಲಿಗಳನ್ನರಸಿ ಕೊಳಕುಮಂಡಲವೂ ನಾಗರಹಾವೂ ಅಲ್ಲಿಗೇ ಬರುತ್ತವೆ. ಈ ಹಾವುಗಳ ವಿಷದಲ್ಲಿರುವ ಒಂದು ವಸ್ತುವಿನ ಕುಲಕ್ಕೆ ಸೇರಿದುದೇ ತುಂಬು ಗರ್ಭಿಣಿಯ ಶರೀರದಲ್ಲಿಯೂ ಕೆಲಸಮಾಡುತ್ತದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ನಮ್ಮ ಶರೀರವು ಅತಿ ಸೂಕ್ಷ್ಮವಾದ ಜೀವಕೋಶಗಳಿಂದ ಆದುದು. ಗದ್ದೆಗೆ ಬದುವಿರುವಂತೆ ಪ್ರತಿಯೊಂದು ಕೋಶಕ್ಕೂ ಸುತ್ತಲೂ ತೆಳುವಾದ ಪೊರೆಯುಂಟು. ಫಾಸ್ಫೊಲಿಪಿಡ್ ಎಂಬ ರಂಜಕಯುಕ್ತ ಕೊಬ್ಬಿನ ಕಣಗಳು ಎರಡು ಸಾಲಾಗಿ ನಿಂತು ಈ ಪೊರೆಯಾಗುತ್ತದೆ. ಕಣದ ತಲೆಗೆ ನೀರು ಬೇಕು, ಅದರ ಎರಡು ಬಾಲಗಳಿಗೆ ನೀರು ಬೇಡ. ಆದುದರಿಂದ ಬಾಲಗಳೆಲ್ಲ ಒಳಮುಖವಾಗಿರುತ್ತವೆ. ಮೊಟ್ಟೆಯ ಹಳದಿಯಲ್ಲಿ ಈ ಜಾತಿಯ ಕೊಬ್ಬು ಹೇರಳವಾಗಿದೆ.

ಈ ಕಣವನ್ನು ಕತ್ತರಿಸುವ ಕಿಣ್ವಗಳೇ ಫಾಸ್ಫೊಲೈಪೇಸ್‌ಗಳು. ಕತ್ತರಿಸುವ ಜಾಗಕ್ಕನುಸಾರವಾಗಿ ಅವುಗಳಲ್ಲಿ ಹಲವು ಬಗೆ. ಕೆಲವು ಹಳೆಯ ಪೊರೆಯನ್ನು ದುರಸ್ತಿ ಮಾಡಲು ನೆರವಾಗುತ್ತವೆ, ಕೆಲವು ಹೊರಗಿನ ಸುದ್ದಿಯನ್ನು ಕೋಶದೊಳಕ್ಕೆ ಮುಟ್ಟಿಸುತ್ತವೆ. ‘ಎ-2’ ಎಂಬುದು ಕಣದ ಒಂದು ಬಾಲವನ್ನು ಕತ್ತರಿಸಿ ಬಿಡಿಸುತ್ತದೆ. ಹೆರಿಗೆಯ ಕಾಲದಲ್ಲಿ ಹೀಗೆ ಬಿಡುಗಡೆಯಾದ ಅರಾಕಿಡಾನಿಕ್ ಆಮ್ಲದಿಂದ ಪ್ರೊಸ್ಟಗ್ಲಾಂಡಿನ್‌ಗಳು ಉತ್ಪತ್ತಿಯಾಗುತ್ತವೆ; ಅವು ಗರ್ಭಕಂಠವನ್ನು ಮೃದುಗೊಳಿಸಿ, ಗರ್ಭಕೋಶವನ್ನು ಸಂಕುಚಿಸಿ, ನೋವು ಬರುವಂತೆ ಮಾಡುತ್ತವೆ. ಶರೀರವು ಈ ಕಿಣ್ವವನ್ನು ಹಿಡಿತದಲ್ಲಿಟ್ಟುಕೊಂಡಿರುತ್ತದೆ.

ಹಾವಿನ ವಿಷದಲ್ಲಿರುವ ಕಿಣ್ವಕ್ಕೆ ಅಂತಹ ಹಿಡಿತವಿಲ್ಲ. ಕಂಡ ಕಂಡ ಪೊರೆಯನ್ನು ಅದು ಕತ್ತರಿಸುತ್ತಾ ಹೋಗುತ್ತದೆ. ಬದು ಒಡೆದ ಗದ್ದೆಯಂತೆ ಮಾಂಸಖಂಡದ ಕೋಶಗಳೂ ಕೆಂಪು ರಕ್ತಕಣಗಳೂ ಒಡೆಯುತ್ತವೆ, ಕಚ್ಚಿದ ಭಾಗ ಬಾತುಕೊಳ್ಳುತ್ತದೆ. ಕಟ್ಟುಹಾವಿನಲ್ಲಿ ಇದೇ ಕುಲದ ವಿಷವು ನರದ ತುದಿಯನ್ನು ಹಾಳುಮಾಡಿ ಉಸಿರಾಟವನ್ನೇ ನಿಲ್ಲಿಸಬಲ್ಲದು. ಕೊಳಕುಮಂಡಲದ ವಿಷದಲ್ಲಿರುವ ಬೇರೆ ಕಿಣ್ವಗಳು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುವುದರಿಂದ ಗರ್ಭಿಣಿಗೆ ರಕ್ತಸ್ರಾವ ಮತ್ತು ಗರ್ಭಪಾತದ ಭಯವೂ ಇದೆ.

ವಿಷನಿರೋಧಕ ಔಷಧವು ರಕ್ತದಲ್ಲಿ ಹರಿಯುತ್ತಿರುವ ವಿಷವನ್ನು ಅಡಗಿಸುತ್ತದೆ. ಆಗಲೇ ಒಡೆದ ಪೊರೆಯನ್ನು ಜೋಡಿಸಲಾರದು. ಮಂತ್ರ, ನಾಟಿ ಔಷಧಗಳಿಗಾಗಿ ಕಳೆದ ಒಂದು ಗಂಟೆಯ ಬೆಲೆ ಇದರಿಂದ ತಿಳಿಯುತ್ತದೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಹಗ್ಗದಿಂದ ಬಿಗಿಯಬಾರದು, ಕೈಕಾಲನ್ನು ಅಲುಗಿಸದಂತೆ ಇಡಬೇಕು. ಬಾವು ಏರುವ ಮೊದಲೇ ಬಳೆ, ಕಾಲುಂಗುರಗಳನ್ನು ತೆಗೆಯಬೇಕು. ಮುತ್ತೈದೆಯ ಕಾಲುಂಗುರ ತೆಗೆಯುವುದೆಂತು ಎಂದು ಮನೆಯ ಹಿರಿಯರು ಹಿಂಜರಿಯುವುದುಂಟು. ಬೆರಳು ಊದಿದ ಮೇಲೆ ಅದೇ ಉಂಗುರ ರಕ್ತಸಂಚಾರವನ್ನು ತಡೆಯುತ್ತದೆ ಎಂಬುದನ್ನು ಗಂಡನಾದವನೇ ಅವರಿಗೆ ತಿಳಿಸಿ, ತನ್ನ ಕೈಯಿಂದಲೇ ತೆಗೆಯುವುದು ಲೇಸು.

108 ಸಂಖ್ಯೆಗೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗತಕ್ಕದ್ದು. ಗರ್ಭಿಣಿಯೆಂಬ ಕಾರಣಕ್ಕೆ ವಿಷನಿರೋಧಕವನ್ನು ಬೇಡವೆನ್ನಬಾರದು. ತಾಯಿ ಉಳಿದರೆ ತಾನೇ ಮಗು ಉಳಿಯುವುದು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿಮಾಡಬೇಕಾಗಿದೆ. ಅಲ್ಲಿ ವೈದ್ಯರು ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟುವುದೇ ಎಂದು ನೋಡುತ್ತಾರೆ. ಇದೂ ಚಿಕಿತ್ಸೆಯ ಭಾಗವೇ. ಸುಮ್ಮನೆ ಕೂರಿಸಿದ್ದಾರೆಂದು ತಿಳಿದು ರೋಗಿಯನ್ನು ಎಬ್ಬಿಸಿಕೊಂಡು ಹೋಗಬೇಡಿ.