ಅನ್ನ ಬಿಟ್ಟಿರಿ ಸರಿ, ಸೊಪ್ಪನ್ನೂ ಬಿಟ್ಟಿರಾ?
ಪಿಷ್ಟ ತೀರಾ ಕಡಿಮೆ, ಕೊಬ್ಬು ಹೆಚ್ಚಿರುವ ಕೀಟೋ ಪಥ್ಯಕ್ಕಾಗಿ ನೀವು ಅನ್ನ, ರೊಟ್ಟಿಯ ಜೊತೆಗೆ ಕಾಳು, ಹಣ್ಣು, ಸೊಪ್ಪನ್ನೂ ಬಿಟ್ಟಿದ್ದೀರಿ. ನಾರು ಸಿಗದೆ ಮಲಬದ್ಧತೆ ಬಂದದ್ದು ಆಶ್ಚರ್ಯವಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ತಯಾರಿಸುವ ಬ್ಯುಟಿರೇಟ್, ಕರುಳಿನ ಒಳಪದರಕ್ಕೆ ಮುಖ್ಯ ಇಂಧನ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಟೋ ಆಹಾರ ತಿಂದ 17 ಪುರುಷರ ಕರುಳಿನಲ್ಲಿ ಬೈಫಿಡೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾಗಳು ಕುಗ್ಗಿದ್ದು ಕಂಡಿತು. ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್‌ಗಳೇ ಅವುಗಳ ಬೆಳವಣಿಗೆ ತಡೆಯುತ್ತವೆ ಎಂಬುದು ಅಲ್ಲಿನ ಸ್ವಾರಸ್ಯ. ಇಲಿಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಈ ಬದಲಾವಣೆಯಿಂದ ಉರಿಯೂತಕ್ಕೆ ಸಂಬಂಧಿಸಿದ ಜೀವಕೋಶಗಳೂ ಕಡಿಮೆಯಾದವು. ಹಾಗಾಗಿ ಈ ಬದಲಾವಣೆಯೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಬರೀ ಪನೀರ್, ಮೊಟ್ಟೆ, ತುಪ್ಪದ ಊಟ ಬೇಡ. ದಂಟಿನ ಸೊಪ್ಪು, ಬೆಂಡೆ, ಹೀರೇಕಾಯಿ, ಅಗಸೆ ಚಟ್ನಿಪುಡಿ ಸೇರಿಸಿ. ನೀರು ಹೆಚ್ಚು ಕುಡಿಯಿರಿ. ಮಧುಮೇಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಪಥ್ಯ ಮುಂದುವರಿಸುವ ಮೊದಲು ನಿಮ್ಮ ವೈದ್ಯರನ್ನು ಕಾಣಿ.