ನಿಮ್ಮ ಕಾಯಿಲೆಯ ಕಡತ ಯಾರ ಕೈಯಲ್ಲಿದೆ?

ಆಸ್ಪತ್ರೆ, ಲ್ಯಾಬು, ಔಷಧ ಕಾರ್ಖಾನೆಗಳ ಕಂಪ್ಯೂಟರ್ ದಾಖಲೆಗಳ ಬಗ್ಗೆ ಹುಮನಾಬಾದ್–ಬಸವಕಲ್ಯಾಣ ಭಾಗದ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದತ್ತ ಜಯಂತಿ ಜಾತ್ರೆಯಲ್ಲಿ ಉಚಿತ ತಪಾಸಣೆ ಅಂತ ಒಂದು ಟೆಂಟಿಗೆ ಹೋಗಿದ್ದೆ. ಬಿ.ಪಿ. ನೋಡಿ ಆಧಾರ್ ನಂಬರ್ ಕೇಳಿದರು. ಮೊಬೈಲಿಗೆ ಬಂದ ಒಟಿಪಿಯನ್ನೂ ಹೇಳಿಬಿಟ್ಟೆ. ‘ನಿಮ್ಮ ಆಭಾ ಆಯ್ತು’ ಎಂದು ಕಳಿಸಿದರು. ಮನೆಗೆ ಬಂದರೆ ಮಗ ಬೈದ. ನನ್ನ ಕಾಯಿಲೆ ಎಲ್ಲರಿಗೂ ಗೊತ್ತಾಗುತ್ತದೆಯೇ? ಬ್ಯಾಂಕಿನ ದುಡ್ಡು ಹೋಗುತ್ತದೆಯೇ?
— ಓದುಗಿ, ಮಾಣಿಕನಗರ

ಉತ್ತರ: ಕಾಯಿಲೆಯ ವಿಷಯ ಹೊರಗೆ ಬಿದ್ದೀತು, ದುಡ್ಡು ಹೋದೀತು ಎಂಬ ಎರಡು ಭಯ ನಿಮ್ಮನ್ನು ಕಾಡುತ್ತಿವೆ. ಮೊದಲು ಸಮಾಧಾನ ಮಾಡಿಕೊಳ್ಳಿ. ಅವರು ಮಾಡಿದ್ದು ನಿಜವಾಗಿ ಆಭಾವೇ ಆಗಿದ್ದರೆ, ಅದರಿಂದಲೇ ಈ ಎರಡೂ ಆಗುವುದಿಲ್ಲ.

ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಎಂದರೆ 14 ಅಂಕಿಗಳ ಒಂದು ಸಂಖ್ಯೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಡಿಜಿಟಲ್ ಆರೋಗ್ಯ ಯೋಜನೆಯ ಭಾಗ. ಸಂಖ್ಯೆ ಸಿಕ್ಕಿತು ಎಂದ ಮಾತ್ರಕ್ಕೆ ನಿಮ್ಮ ರಿಪೋರ್ಟುಗಳೆಲ್ಲ ದೆಹಲಿಯ ಯಾವುದೋ ಕಂಪ್ಯೂಟರಿಗೆ ಹೋಗಿ ಸೇರುವುದಿಲ್ಲ. ಬೀದರಿನ ಆಸ್ಪತ್ರೆಯಲ್ಲಿ ತೆಗೆದ ಎಕ್ಸ್-ರೇ ಅಲ್ಲಿನ ದಾಖಲೆಯಲ್ಲೇ ಇರುತ್ತದೆ. ಕಲಬುರಗಿಯ ವೈದ್ಯರು ಆಭಾ ಮೂಲಕ ಅದನ್ನು ನೋಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಯಾವ ದಾಖಲೆ, ಯಾವ ದಿನಾಂಕದವರೆಗೆ ಎಂದು ನೋಡಿಕೊಂಡು ನೀವು ಒಪ್ಪಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು. ಆಭಾ ಕಡ್ಡಾಯವಲ್ಲ, ಬೇಡವೆನಿಸಿದರೆ ಖಾತೆಯನ್ನೇ ಅಳಿಸಬಹುದು.

ಆದರೂ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟು ಮಾಡಿ. ಅಂದು ಬಂದ ಒಟಿಪಿ ಸಂದೇಶ ಫೋನಿನಲ್ಲಿ ಇನ್ನೂ ಇದ್ದರೆ ಪೂರ್ತಿ ಓದಿ. ಆಭಾ ಖಾತೆ ತೆರೆದು, ಅದರಲ್ಲಿರುವ ಮೊಬೈಲ್ ನಂಬರ್ ನಿಮ್ಮದೇ ಹೌದೋ ಅಲ್ಲವೋ ಖಚಿತಪಡಿಸಿಕೊಳ್ಳಿ. ಬೇರೆಯವರ ನಂಬರ್ ಇದ್ದರೆ ಒಪ್ಪಿಗೆಯ ಸಂದೇಶ ಅವರಿಗೆ ಹೋಗುತ್ತದೆ, ಕೂಡಲೇ ಬದಲಿಸಿ. ಆಧಾರ್ ಜಾಲತಾಣದಲ್ಲಿ ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿ ಸಿಗುತ್ತದೆ, ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯವೂ ಅಲ್ಲೇ ಇದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ. ಗೊತ್ತಿಲ್ಲದೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಆಭಾ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುವುದು ಕಾರ್ಡಿನ ಯೋಜನೆಯಲ್ಲಿ. ಆಭಾ ಆಯಿತೆಂದು ಕಾರ್ಡ್ ಮಾಡಿಸುವುದನ್ನು ಬಿಡಬೇಡಿ.

ಪ್ರಶ್ನೆ: ನಮ್ಮ ತಂದೆಯ ಹೆಸರು ಮಾಣಿಕಪ್ಪ. ಲ್ಯಾಬಿನವರು ಅದೇ ಹೆಸರಿನ ಇನ್ನೊಬ್ಬರ ಸಕ್ಕರೆ ರಿಪೋರ್ಟ್ ಕೊಟ್ಟಿದ್ದರು. ಡಾಕ್ಟರಿಗೆ ಅನುಮಾನ ಬಂದು ಮತ್ತೆ ಮಾಡಿಸಿದ್ದಕ್ಕೆ ಗೊತ್ತಾಯಿತು. ಸೊಲ್ಲಾಪುರದ ಆಸ್ಪತ್ರೆಯ ಕಾಗದದಲ್ಲಿ ಮಾಣಿಕರಾವ್ ಎಂದಿದೆ. ಎಲ್ಲ ಕಂಪ್ಯೂಟರ್ ಆದ ಮೇಲೂ ಹೀಗೇಕೆ?
— ಓದುಗರು, ಹುಮನಾಬಾದ್

ಉತ್ತರ: ನೀವು ಹೆದರಿದ್ದರಲ್ಲಿ ತಪ್ಪಿಲ್ಲ. ಬೇರೆಯವರ ಸಕ್ಕರೆ ನೋಡಿ ಇವರಿಗೆ ಇನ್ಸುಲಿನ್ ಕೊಟ್ಟಿದ್ದರೆ ಪ್ರಾಣಕ್ಕೇ ಬರುತ್ತಿತ್ತು. ಅನುಮಾನಪಟ್ಟ ಆ ವೈದ್ಯರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದಾರೆ.

ನಮ್ಮ ಕಡೆ ಈ ತೊಡಕು ಹೆಚ್ಚು. ಮಾಣಿಕನಗರದ ಸಂತ ಮಾಣಿಕಪ್ರಭುಗಳ ಭಕ್ತರ ಮನೆಗಳಲ್ಲಿ ತಲೆಮಾರಿನಿಂದ ಮಾಣಿಕಪ್ಪ, ಮಾಣಿಕರಾವ್, ಮಾಣಿಕಮ್ಮ ಎಂದೇ ಹೆಸರಿಡುತ್ತಾರೆ. ಕನ್ನಡ, ಮರಾಠಿ, ಉರ್ದು ಮೂರೂ ನಡೆಯುವ ಊರು. ಕೌಂಟರಿನಲ್ಲಿ ಕೂತವರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಒತ್ತುತ್ತಾರೆ. ಒಬ್ಬರು ‘ಕೆ’ ಮಾತ್ರ ಹಾಕಿದರೆ ಇನ್ನೊಬ್ಬರು ‘ಸಿ’ಯನ್ನೂ ಸೇರಿಸುತ್ತಾರೆ. ಕಂಪ್ಯೂಟರಿಗೆ ಒಬ್ಬರೇ ಮನುಷ್ಯ ಇಬ್ಬರಾಗಿ ಕಾಣುತ್ತಾರೆ. ಇಬ್ಬರು ಒಬ್ಬರಾಗಿ ಕಾಣುವುದೂ ಉಂಟು, ಅಪಾಯ ಹೆಚ್ಚಿರುವುದು ಅದರಲ್ಲೇ.

ಆದ್ದರಿಂದ ಒಳ್ಳೆಯ ಆಸ್ಪತ್ರೆಗಳಲ್ಲಿ ಎರಡು ಗುರುತು ಕೇಳುವ ನಿಯಮವಿದೆ: ಪೂರ್ತಿ ಹೆಸರು, ಜೊತೆಗೆ ಹುಟ್ಟಿದ ದಿನಾಂಕ ಅಥವಾ ಆಸ್ಪತ್ರೆಯ ನೋಂದಣಿ ಸಂಖ್ಯೆ. ಕೇಳುವ ರೀತಿಯೂ ಮುಖ್ಯ. ‘ನೀವು ಮಾಣಿಕಪ್ಪನವರಾ?’ ಎಂದರೆ ಕಿವಿ ಮಂದವಾದ ಹಿರಿಯರು ತಲೆಯಾಡಿಸಿಬಿಡುತ್ತಾರೆ. ‘ನಿಮ್ಮ ಹೆಸರು ಹೇಳಿ’ ಎಂದು ಅವರ ಬಾಯಿಂದಲೇ ಹೇಳಿಸಬೇಕು. ರಕ್ತ ತೆಗೆದ ಟ್ಯೂಬಿಗೆ ಲೇಬಲ್ ಅಂಟಿಸುವುದು ಅವರ ಎದುರಿಗೇ ಆಗಬೇಕು. ಹತ್ತು ಟ್ಯೂಬು ಸೇರಿಸಿಟ್ಟುಕೊಂಡು ಒಳಗೆ ಹೋಗಿ ಅಂಟಿಸುವಲ್ಲಿ ಅದಲುಬದಲಾಗುತ್ತದೆ. ಮುಂದಿನ ಸಲ ನೀವೇ ನಿಂತು ನೋಡಿ, ‘ಇಲ್ಲೇ ಅಂಟಿಸಿ’ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಹುಟ್ಟಿದ ದಿನಾಂಕವನ್ನೂ ಪೂರ್ತಿ ನೆಚ್ಚುವಂತಿಲ್ಲ. ನಮ್ಮ ಎಷ್ಟೋ ಹಿರಿಯರ ಆಧಾರ್‌ನಲ್ಲಿ ಜನವರಿ 1 ಅಥವಾ ಜೂನ್ 1 ಎಂದೇ ಇದೆ. ಹೆಸರೂ ಒಂದೇ, ದಿನಾಂಕವೂ ಒಂದೇ ಎಂಬ ಇಬ್ಬರು ಒಂದೇ ಬೆಳಿಗ್ಗೆ ಲ್ಯಾಬಿಗೆ ಬರುವುದು ಇಲ್ಲಿ ಅಪರೂಪವಲ್ಲ. ಹಾಗಾಗಿ ನೋಂದಣಿ ಸಂಖ್ಯೆ ಹೇಳಿ. ಆಭಾ ಸಂಖ್ಯೆ ನಿಜಕ್ಕೂ ಉಪಕಾರಕ್ಕೆ ಬರುವುದು ಇಂಥ ಕಡೆ, ಏಕೆಂದರೆ ಅದು ಬೇರೆಯವರಿಗೆ ಇರುವುದಿಲ್ಲ.

ಆಧಾರ್‌ನಲ್ಲಿ ಇರುವ ಹೆಸರನ್ನು ಅಕ್ಷರ ಬದಲಿಸದೆ ಒಂದು ಚೀಟಿಯಲ್ಲಿ ಬರೆದು, ರಕ್ತದ ಗುಂಪು, ಆಗದ ಔಷಧಗಳನ್ನೂ ಸೇರಿಸಿ ತಂದೆಯವರ ಜೇಬಿನಲ್ಲಿಡಿ. ಸೊಲ್ಲಾಪುರದಲ್ಲಿ ಒಳರೋಗಿಯಾಗಿದ್ದರೆ ಆ ದಾಖಲೆ ಕೇಳಿ ಪಡೆಯಿರಿ. 2002ರ ವೈದ್ಯಕೀಯ ಮಂಡಳಿ ನಿಯಮದಂತೆ ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು.

ಪ್ರಶ್ನೆ: ನಮ್ಮದು ಸಣ್ಣ ನರ್ಸಿಂಗ್ ಹೋಂ. ಒಂದೇ ಕಂಪ್ಯೂಟರು, ಎಲ್ಲರಿಗೂ ಒಂದೇ ಪಾಸ್‌ವರ್ಡ್. ದೆಹಲಿಯ ಏಮ್ಸ್‌ಗೇ ವೈರಸ್ ಬಿತ್ತಂತೆ. ನಮ್ಮಂಥವರ ಗತಿ ಏನು?
— ಮೇಲ್ವಿಚಾರಕಿ, ಬಸವಕಲ್ಯಾಣ

ಉತ್ತರ: ದೊಡ್ಡವರಿಗೇ ಹೀಗಾದರೆ ನಮಗೆ ದಿಕ್ಕಾರು ಎಂಬ ನಿಮ್ಮ ಚಿಂತೆ ಅರ್ಥವಾಗುತ್ತದೆ. ಧೈರ್ಯದ ಸಂಗತಿಯೆಂದರೆ, ನಿಮ್ಮ ದಾಖಲೆಯ ಪ್ರಮಾಣ ಚಿಕ್ಕದು, ಕಾಪಾಡುವುದೂ ಸುಲಭ.

2022ರ ನವೆಂಬರ್ 23ರಂದು ಏಮ್ಸ್‌ಗೆ ಬಡಿದದ್ದು ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ). ಐದು ಸರ್ವರುಗಳಿಗೆ ಪೆಟ್ಟಾಯಿತು. ಸುಮಾರು ಎರಡು ವಾರ ಹೊರರೋಗಿ ಚೀಟಿಯಿಂದ ಲ್ಯಾಬ್ ವರದಿಯವರೆಗೆ ಕೈಯಲ್ಲೇ ಬರೆದರು. ಆದರೂ ಚಿಕಿತ್ಸೆ ನಿಲ್ಲಲಿಲ್ಲ. ನಿಮ್ಮಲ್ಲೂ ಖಾಲಿ ಕೇಸ್ ಶೀಟು, ಔಷಧಿ ಚಾರ್ಟುಗಳ ಒಂದು ಕಟ್ಟು ಸದಾ ಸಿದ್ಧವಿರಲಿ.

ದಿನವೂ ರಾತ್ರಿ ದಾಖಲೆಯ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದು, ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಬ್ಬ ರೋಗಿಯ ಕಡತ ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಪಾಸ್‌ವರ್ಡಂತೂ ಈ ವಾರವೇ ಬದಲಾಗಲಿ, ಪ್ರತಿಯೊಬ್ಬರಿಗೂ ಬೇರೆ ಬೇರೆ. ಔಷಧದ ಪ್ರಮಾಣ ತಪ್ಪಾಗಿ ನಮೂದಾದರೆ ಬರೆದವರು ಯಾರೆಂದು ಈಗ ನಿಮಗೆ ಗೊತ್ತಾಗುವುದೇ ಇಲ್ಲ, ಮಾಡದವರ ಮೇಲೂ ಅನುಮಾನ ಬರುತ್ತದೆ. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಮುಚ್ಚಿ. ದಾಳಿಯಾದರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ತುರ್ತು ತಂಡ) ತಿಳಿಸಬೇಕೆಂಬ ಆದೇಶ 2022ರಿಂದ ಇದೆ.

ಪ್ರಶ್ನೆ: ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಬೆಳಗಿನ ತೂಕವನ್ನು ಸಂಜೆ ಬರೆಸುತ್ತಾರೆ, ಬೆಳಗಿನ ಸಮಯವನ್ನೇ ಹಾಕಿಸುತ್ತಾರೆ. ಒಮ್ಮೊಮ್ಮೆ ಹಿರಿಯರ ಲಾಗಿನ್‌ನಲ್ಲಿ ನಾನೇ ನಮೂದಿಸಬೇಕು. ಸಿಕ್ಕಿಬಿದ್ದರೆ ನನ್ನ ಕೆಲಸ ಹೋಗುತ್ತದೆಯೇ?
— ಹೆಸರು ಬೇಡ, ಹುಮನಾಬಾದ್

ಉತ್ತರ: ಮನೆಯ ಜವಾಬ್ದಾರಿ ಇದ್ದವರಿಗೆ ಈ ಭಯ ಸಣ್ಣದಲ್ಲ. ನಿಮಗೆ ಮನಸ್ಸು ಚುಚ್ಚಿದೆ ಎಂಬುದೇ ಒಳ್ಳೆಯ ಲಕ್ಷಣ.

ತಡವಾಗಿ ಬರೆಯುವುದು ಅಪರಾಧವಲ್ಲ, ತಡವನ್ನು ಮುಚ್ಚಿಡುವುದು ತಪ್ಪು. ಮರೆತಿದ್ದರೆ ಈಗಿನ ದಿನಾಂಕ, ಈಗಿನ ಸಮಯ ಹಾಕಿ, ‘ತಡವಾಗಿ ನಮೂದು’ ಎಂದು ಕಾರಣ ಬರೆದು ಸಹಿ ಮಾಡಿ, ತೂಕದ ಯಂತ್ರದ ಚೀಟಿ ಲಗತ್ತಿಸಿ. ಅಂಕಿ ತಪ್ಪಿದರೆ ಹಳೆಯದು ಓದಲು ಬರುವಂತೆ ಒಂದೇ ಗೆರೆ ಹೊಡೆಯಿರಿ. ವೈಟ್ನರ್ ಮುಟ್ಟಬೇಡಿ. ಯಂತ್ರದೊಳಗೆ ಆಡಿಟ್ ಟ್ರೇಲ್ (ಯಾರು, ಯಾವಾಗ, ಏನು ಬದಲಿಸಿದರೆಂಬ ತಾನೇ ದಾಖಲಾಗುವ ಪಟ್ಟಿ) ಇರುತ್ತದೆ. ತಪಾಸಣೆಯವರು ಮೊದಲು ನೋಡುವುದು ಅದನ್ನೇ.

ನಿಮ್ಮದೇ ಲಾಗಿನ್ ಬೇಕೆಂದು ಗುಣಮಟ್ಟ ವಿಭಾಗಕ್ಕೆ ಬರಹದಲ್ಲಿ ಕೇಳಿ. ದೂರಿನಂತೆ ಬರೆಯುವುದು ಬೇಡ, 2023ರ ಡಿಸೆಂಬರ್‌ನಲ್ಲಿ ಪರಿಷ್ಕೃತವಾದ ಶೆಡ್ಯೂಲ್ ಎಂ (ಔಷಧ ತಯಾರಿಕೆಯ ಕಡ್ಡಾಯ ನಿಯಮಗಳು) ಕಂಪ್ಯೂಟರ್ ದಾಖಲೆಗಳಿಗೂ ಅನ್ವಯಿಸುತ್ತದೆ ಎಂದು ನೆನಪಿಸಿದರೆ ಸಾಕು. ಹಿರಿಯರು ಒಪ್ಪದಿದ್ದರೆ ರ‍್ಯಾನ್‌ಬ್ಯಾಕ್ಸಿಯ ಪ್ರಕರಣ ಹೇಳಿ. ಸುಳ್ಳು ದತ್ತಾಂಶವೂ ಸೇರಿದಂತೆ ಹಲವು ತಪ್ಪುಗಳಿಗಾಗಿ ಆ ಕಂಪನಿ 2013ರಲ್ಲಿ ಅಮೆರಿಕದಲ್ಲಿ 50 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು.

ಪ್ರಶ್ನೆ: ಅಮ್ಮನ ಸ್ಕ್ಯಾನಿಂಗ್ ರಿಪೋರ್ಟ್ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯವರ ವಾಟ್ಸ್ಆ್ಯಪ್‌ಗೆ ಕಳಿಸಿದೆ. ತಪ್ಪೇ?
— ಓದುಗಿ, ಬಸವಕಲ್ಯಾಣ

ಉತ್ತರ: ಗಾಬರಿಯಾಗುವಂಥದ್ದೇನಲ್ಲ, ಎಲ್ಲರೂ ಮಾಡುವುದೇ. ಆದರೆ ಅಮ್ಮನ ರಿಪೋರ್ಟು ಆ ಕಂಪ್ಯೂಟರಿನ ‘ಡೌನ್‌ಲೋಡ್ಸ್’ನಲ್ಲಿ ಊರವರ ಕಾಗದಗಳ ಜೊತೆ ಉಳಿದಿರುತ್ತದೆ. ಮುಂದೆ ಪೆನ್‌ಡ್ರೈವ್ ಒಯ್ಯಿರಿ. ಕಳಿಸಲೇಬೇಕಾದರೆ ಪ್ರಿಂಟ್ ಬಂದ ಕೂಡಲೇ ನಿಮ್ಮೆದುರಿಗೆ ಅಳಿಸಲು ಹೇಳಿ, ‘ರೀಸೈಕಲ್ ಬಿನ್’ ಅನ್ನೂ ಖಾಲಿ ಮಾಡಿಸಿ. ಅಲ್ಲಿ ನಿಮ್ಮ ವಾಟ್ಸ್ಆ್ಯಪ್ ತೆರೆದಿದ್ದರೆ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗ್‌ಔಟ್ ಮಾಡಿಕೊಂಡೇ ಹೊರಡಿ.